ಹೆಳವನ ಹೊತ್ತಿಗೆ

ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು. ಉಪ್ಪಿಟ್ಟು, ಕೇಸರಿಭಾತುಗಳು ತಮ್ಮ ಕರ್ತವ್ಯವನ್ನು ಯಥಾವಿಧಿಯಾಗಿ ನಿರ್ವಹಿಸಿದ್ದವು. ಗಂಡಿನ ಕಡೆಯವರು ಒಪ್ಪಿಗೆಯನ್ನು ಹೇಳಿ ಕಳುಹಿಸಿದ್ದರು. ನಿಶ್ಚಿತಾರ್ಥಕ್ಕೆ ಇನ್ನು ಹನ್ನೆರಡೇ ದಿನಗಳು. ಅಂಥ ಮುಹೂರ್ತದಲ್ಲಿ ನಮ್ಮ ಹಳ್ಳಿಯ ಮನೆಯ ಜಗಲಿಯ ಮೇಲೆ ಹೆಳವ ಬಂದು ಕುಳಿತ.

ಪಟ್ಟಣದಲ್ಲಿಯೇ ಹುಟ್ಟಿ ಬೆಳೆದ ವಾಚಕರಿಗೆ ಹೆಳವನ ಪರಿಚಯ ಇರಲಾರದು. ಹೆಳವನೆಂದರೆ ಕುಂಟ ಎಂದು ನಿಘಂಟು ಹೇಳುತ್ತದೆ. ಆದರೆ ನಮ್ಮ ನಾಡಿನಲ್ಲಿ ಅದು ಒಂದು ಜನವರ್ಗದ ಹೆಸರು. ಎತ್ತನ್ನೇರಿ ಊರಿಂದೂರಿಗೆ ಹೋಗುತ್ತ, ಒಕ್ಕಲು ಮನೆಗಳ ಬಾಗಿಲಲ್ಲಿ ನಿಂತು, ಆ ಮನೆಯ ಮೂಲಪುರುಷನಿಂದ ಮೊದಲುಗೊಂಡು ಮೊನ್ನೆ ಹುಟ್ಟಿದ ಕೂಸಿನವರೆಗೆ ವಂಶಾವಳಿಯನ್ನು ರಾಗವಾಗಿ ಹೇಳುವುದು ಅವರ ವೃತ್ತಿ. ಮನೆತನ ಮೊದಲು ಯಾವ ಊರಿನಲ್ಲಿತ್ತು, ಅಲ್ಲಿಂದ ಏಕೆ ಹೊರಟಿತು, ಬೆಡಗು ಯಾವುದು, ಕವಲುಗಳು ಎಷ್ಟು, ಇವೆಲ್ಲ ಅವರ ನಾಲಗೆಯ ತುದಿಯಲ್ಲಿ. ಹಿಂದೆ ಓಲೆಗರಿಗಳಲ್ಲಿದ್ದ ಈ ಸಂಪತ್ತು ಈಗ ರಟ್ಟು ಹೊದಿಸಿದ ಹೊತ್ತಿಗೆಗಳಲ್ಲಿದೆ. ಎತ್ತು ಹೋಗಿ ಬಸ್ಸು ಬಂದಿದೆ. ನಮ್ಮ ಹೆಳವನಂತೂ ಮೋಟಾರು ಸೈಕಲ್ಲಿನಲ್ಲಿಯೇ ದಯಮಾಡಿಸಿದ್ದ. ಎರಡು ಮೂರು ವರ್ಷಗಳಿಗೊಮ್ಮೆ ಸುಗ್ಗಿಯ ನಂತರ ಬರುವುದು ಅವನ ಪದ್ಧತಿ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದಿನ ಮನೆಗೆ ಹೋಗುತ್ತಾನೆ.

ನನ್ನ ಅಣ್ಣನಿಗೆ ಅಂದು ಸಂಭ್ರಮ. "ಈ ಸಲ ಎರಡು ಚೀಲ ಕೊಡ್ತೀನಪ್ಪ. ಮಗಳ ನಿಶ್ಚಯ. ಬಸವಾಪಟ್ಟಣದ ಸಂಬಂಧ. ನಮ್ಮ ಮೂಲ ಊರೂ ಅದೇ ಅಲ್ವಾ!" ಎಂದ.

ಹೆಳವ ಗಂಡಿನ ಮನೆಯ ಹಿರಿಯರ ಹೆಸರನ್ನು ಕೇಳಿದ. ಹೊತ್ತಿಗೆಯ ಹಾಳೆಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಿರುವಿದ. ಆಮೇಲೆ ಹೊತ್ತಿಗೆಯನ್ನು ಮುಚ್ಚಿ ಕೈಮುಗಿದು, "ಯಜಮಾನ್ರೇ, ಈ ಬೀಗಸ್ತನ ಆಗಂಗಿಲ್ಲ. ನೀವೂ ಅವರೂ ಅಣ್ಣತಮ್ಮಗಳು" ಎಂದ.

ಅವನ ಹೊತ್ತಿಗೆಯ ಪ್ರಕಾರ ಬಸವಾಪಟ್ಟಣದಲ್ಲಿ ಒಬ್ಬ ತಂದೆಗೆ ಇಬ್ಬರು ಮಕ್ಕಳು. ದೊಡ್ಡವನ ಕವಲು ಹೊಳೆಯ ದಡಕ್ಕೆ ಬಂದ ನಮ್ಮದು. ಚಿಕ್ಕವನ ಕವಲು ಅಲ್ಲಿಯೇ ಉಳಿದ ಅವರದು. ಹೆಳವರಲ್ಲಿಯೂ ಹಿಂದೊಮ್ಮೆ ಮನೆ ಪಾಲಾದಾಗ ಚಿಕ್ಕ ಕವಲಿನ ಒಕ್ಕಲುಗಳು ಅವನ ದಾಯಾದಿಗಳ ಹೊತ್ತಿಗೆಗೆ ಸೇರಿದವಂತೆ. ಆದ್ದರಿಂದಲೇ ಇಷ್ಟು ಕಾಲ ಎರಡು ಮನೆಗಳಿಗೂ ಪರಸ್ಪರ ಗುರುತು ಹತ್ತಿರಲಿಲ್ಲ.

ಅಣ್ಣನ ಮುಖ ಕಪ್ಪಿಟ್ಟಿತು. ಅತ್ತಿಗೆ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ನನಗೆ ಫೋನು ಮಾಡಿ, "ನೀನು ಎಂ.ಎ. ಓದಿದವನು. ಈ ಹೆಳವನ ಗೀಚನ್ನು ನಂಬಿ ಕೂಸಿನ ಮದುವೆ ನಿಲ್ಲಿಸಬೇಕೋ ಬೇಡವೋ ನೋಡಿ ಹೇಳು" ಎಂದ. ಹಳಗನ್ನಡದ ಪಾಠಾಂತರಗಳನ್ನು ನಿರ್ಣಯಿಸಿದ್ದುಂಟು. ಒಂದು ಮದುವೆಯ ಭವಿಷ್ಯ ಪಾಠನಿರ್ಣಯದ ಮೇಲೆ ನಿಂತದ್ದು ನನ್ನ ಅನುಭವದಲ್ಲಿ ಇದೇ ಮೊದಲು.

ನಮ್ಮ ಮನೆತನಕ್ಕೊಂದು ಕಥೆಯಿದೆ. ದೇವರ ಕೋಣೆಯಲ್ಲಿ ಒಂದು ತುಕ್ಕು ಹಿಡಿದ ಕತ್ತಿ, ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು ಅಜ್ಜ ಹೇಳುತ್ತಿದ್ದುದು ಇಷ್ಟು: "ನಾವು ಬಸವಾಪಟ್ಟಣದ ನಾಯಕರ ಕಡೆಯವರು. ನಾಯಕರು ಊರು ಬಿಟ್ಟ ರಾತ್ರಿ ನಾವೂ ಬಿಟ್ಟೆವು."

ನಾಯಕರು ಊರು ಬಿಟ್ಟದ್ದು ನಿಜ. ವಿಜಯನಗರದ ಅರಸರ ಕಾಲದಲ್ಲಿ ತಲೆಯೆತ್ತಿದ ಆ ಪಾಳೆಯಗಾರರ ಮನೆತನಕ್ಕೆ ಬಸವಾಪಟ್ಟಣವೇ ಮೊದಲ ರಾಜಧಾನಿ. ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಂಡು ಈ ಸೀಮೆಗೆ ನುಗ್ಗಿತು. ನಾಯಕರು ಸಂತೇಬೆನ್ನೂರಿಗೆ ಸರಿದರು. ಅಲ್ಲಿಯೂ ನೆಲೆ ನಿಲ್ಲದೆ ಕೊನೆಗೆ ತರೀಕೆರೆಯನ್ನು ಸೇರಿ ತರೀಕೆರೆಯ ಪಾಳೆಯಗಾರರೆಂದೇ ಹೆಸರಾದರು. ಸಂತೇಬೆನ್ನೂರಿನ ಪುಷ್ಕರಣಿಯ ನಡುವೆ ನಿಂತಿರುವ ಮಂಟಪವನ್ನು ನೋಡಿದವರು ಕೆಂಗ ಹನುಮಪ್ಪನಾಯಕನನ್ನು ಮರೆಯುವಂತಿಲ್ಲ. ಬಸವಾಪಟ್ಟಣವಾದರೋ ಬಿಜಾಪುರದವರ ಕೈಸೇರಿತು. 1687ರ ಅನಂತರ ಮೊಗಲರ ಸೀರ್ಯ ಸುಬೆಯ ಏಳು ಪರಗಣೆಗಳಲ್ಲಿ ಒಂದಾಯಿತು. ನಾಯಕರ ಸಂತತಿ ನಗರದ ರೈತರ ದಂಗೆಯಲ್ಲಿ ಮತ್ತೆ ಚರಿತ್ರೆಯ ಪುಟಕ್ಕೆ ಬಂದಿತು. 1830ರಲ್ಲಿ ಹೊತ್ತಿಕೊಂಡ ಆ ದಂಗೆಯೇ ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜರಿಂದ ಕಿತ್ತುಕೊಳ್ಳಲು ನೆಪವಾಯಿತು. ದಂಗೆಯಲ್ಲಿ ತೊಡಗಿದ ಸರ್ಜಾ ಹನುಮಪ್ಪನಾಯಕನನ್ನು 1834ರಲ್ಲಿ ಗಲ್ಲಿಗೇರಿಸಿದರು.

ಅರಸರ ವಂಶಾವಳಿಯನ್ನು ಹುಡುಕುವವನಿಗೆ ಕಲ್ಲು, ಕಾಗದ ಎರಡೂ ಇವೆ. ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಚನ್ನಗಿರಿ ತಾಲ್ಲೂಕಿನ ಶಾಸನಗಳು ಸೇರಿವೆ. ಕರ್ನಲ್ ಮೆಕೆಂಜಿ ಊರೂರಿನ ಶ್ಯಾನುಭೋಗರಿಂದ ಬರೆಯಿಸಿದ ಕೈಫಿಯತ್ತುಗಳಿವೆ. ಆದರೆ ನಾಯಕರ ಹಿಂದೆ ಗಂಟುಮೂಟೆ ಹೊತ್ತು ನಡೆದವರ ಹೆಸರನ್ನು ಯಾವ ಕಲ್ಲಿನ ಮೇಲೆ ಹುಡುಕುವುದು?

ಮೊದಲು ಹೋದದ್ದು ತಾಲ್ಲೂಕು ಕಚೇರಿಗೆ. ಇಂದಿನ ಪಹಣಿ ಗುಂಡಿಯೊತ್ತಿದರೆ ಬರುತ್ತದೆ. ಗಣಕಯಂತ್ರದ ನೆನಪು ಇಪ್ಪತ್ತೈದು ವರ್ಷಕ್ಕೆ ಮುಗಿಯುತ್ತದೆ. ಅದರಾಚೆಗೆ ಕೈಬರಹದ ಪಹಣಿ, ಮ್ಯುಟೇಶನ್ ವಹಿ, ಅದರಾಚೆಗೆ ಸರ್ವೆಯ ಕಾಲದ ಹಳೆಯ ಕಾಗದ. ಧೂಳಿಗೆ ಸೀನುತ್ತ ಎರಡು ದಿನ ಕುಳಿತು ಗಂಡಿನ ಮನೆಯ ಜಮೀನಿನ ಖಾತೆದಾರರನ್ನು ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಎಂದು ಮೆಟ್ಟಿಲಿಳಿದೆ. ಕೊನೆಯ ಮೆಟ್ಟಿಲಲ್ಲಿ ಸಿಕ್ಕಿದ ಹೆಸರು ಹೆಳವ ಹೇಳಿದ ಚಿಕ್ಕ ತಮ್ಮನ ಮಗನದೇ ಆಗಿತ್ತು. ಆದರೆ ಅಷ್ಟರಿಂದ ಅಣ್ಣನೊಬ್ಬನಿದ್ದನೆಂದು ಸಿದ್ಧವಾಗುವುದಿಲ್ಲ.

ಮೂರನೆಯ ದಿನ ಬಸವಾಪಟ್ಟಣ. ಸೂಳೆಕೆರೆಯ ನೀರು, ಅಡಕೆ ತೋಟಗಳು, ಬೆಟ್ಟದ ಮೇಲೆ ಕೋಟೆಯ ಉಳಿಕೆ. ವಂಶಪಾರಂಪರ್ಯದ ಶ್ಯಾನುಭೋಗಿಕೆ 1961ರ ಕಾಯಿದೆಯಿಂದ ರದ್ದಾಯಿತಷ್ಟೆ. ಅಧಿಕಾರ ಹೋದರೂ ಕೆಲವು ಮನೆಗಳಲ್ಲಿ ಕಾಗದದ ಗಂಟು ಅಟ್ಟದ ಮೇಲೆ ಉಳಿಯಿತು. ಅಂಥ ಒಂದು ಮನೆಯ ಹಿರಿಯರು ಏಣಿಯನ್ನು ಹಿಡಿದುಕೊಂಡು ನನ್ನನ್ನೇ ಅಟ್ಟಕ್ಕೆ ಹತ್ತಿಸಿದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಎರಡು ಸಿಕ್ಕಿದವು. ಅಕ್ಷರ ಅಳಿಸಿಹೋಗಿತ್ತು. ಅವುಗಳ ಕೆಳಗೆ ಒಂದು ಕಾಗದದ ಕಟ್ಟು. ಅಂಚುಗಳನ್ನು ಗೆದ್ದಲು ತಿಂದಿದ್ದರೂ ಮಧ್ಯಭಾಗ ಗಟ್ಟಿಯಾಗಿತ್ತು. ಅದರಲ್ಲಿ ನಮ್ಮ ಪೂರ್ವಜ ಸಿಕ್ಕಿದ. ಧಾತು ಸಂವತ್ಸರದ ಲೆಕ್ಕದಲ್ಲಿ, ತಂದೆಯ ಹೆಸರಿನೊಂದಿಗೆ ಅವನ ಹೆಸರು. ಅದರ ಮುಂದೆ ಒಂದೇ ಒಂದು ಮಾತು: ಪರಾರಿ. ಕೆಳಗಿನ ಸಾಲಿನಲ್ಲಿ ಜಮೀನು ತಮ್ಮನ ಹೆಸರಿಗೆ.

ಧಾತು ಸಂವತ್ಸರವೆಂದರೆ 1876. ಧಾತು, ಈಶ್ವರ ಎರಡು ವರ್ಷಗಳ ಆ ಮಹಾಕ್ಷಾಮವನ್ನು ಕಂಡವರು ಯಾರೂ ಇಂದು ಉಳಿದಿಲ್ಲ, ಅಂಕಿಗಳು ಉಳಿದಿವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದರು. 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಮೆ. ಹತ್ತು ವರ್ಷಗಳಲ್ಲಿ ಜನ ಬೆಳೆಯುವುದಿರಲಿ, ಎಂಟು ಲಕ್ಷಕ್ಕೂ ಹೆಚ್ಚು ಜನ ಲೆಕ್ಕದಿಂದಲೇ ಇಲ್ಲವಾದರು. ಆ ಪೈಕಿ ಸೇರದೆ, ಹೆಂಡತಿ ಮಕ್ಕಳೊಡನೆ ನೀರಿದ್ದ ಕಡೆಗೆ ನಡೆದು ಬದುಕಿದವನು ನಮ್ಮ ಮೂಲಪುರುಷ. ಹಿಂದೆ ನಾಯಕರೂ ಇರಲಿಲ್ಲ, ಮುಂದೆ ದಂಡೂ ಇರಲಿಲ್ಲ. ಕತ್ತಿ ಎಲ್ಲಿಂದ ಬಂದಿತೆಂಬುದನ್ನು ಯಾವ ಕಾಗದವೂ ಹೇಳಲಿಲ್ಲ.

ಒಬ್ಬರನ್ನೊಬ್ಬರು ನೋಡದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ನುಡಿದರೆ ನಂಬಲೇಬೇಕು. ಹೆಳವನ ನಾಲಗೆಯೂ ಶ್ಯಾನುಭೋಗರ ಲೇಖನಿಯೂ ಆ ಇಬ್ಬರು ಅಣ್ಣತಮ್ಮಂದಿರನ್ನೂ ಅವರ ತಂದೆಯನ್ನೂ ಒಂದೇ ಹೆಸರಿನಿಂದ ಕರೆದಿದ್ದವು. ವಿಷಯವನ್ನು ಗಂಡಿನ ಮನೆಗೆ ಮುಟ್ಟಿಸುವ ಭಾರವೂ ನನ್ನ ಪಾಲಿಗೆ ಬಂತು. ಎಲ್ಲವನ್ನೂ ಕೇಳಿ ಹುಡುಗನ ದೊಡ್ಡಪ್ಪ ಕೆಮ್ಮಿದರು. "ಅಂದ್ರೆ ಮೇಷ್ಟ್ರೇ, ಜಮೀನಿನ ವಿಚಾರ ಏನಾದ್ರೂ...?" ಎಂದರು. ನೂರೈವತ್ತು ವರ್ಷಗಳ ಹಿಂದಿನ ಪಾಲನ್ನು ಕೇಳಲು ಬಂದಿಲ್ಲವೆಂದು ನಾನು ಹೇಳಿದ ಮೇಲೆ ಅವರ ಮುಖ ಅರಳಿತು. ಹುಡುಗನ ಅಜ್ಜಿ ಮಾತ್ರ ಬೇರೆಯೇ ಲೆಕ್ಕ ಹಾಕಿದರು. "ಹಂಗಾರೆ ನೀನು ನಂಗೆ ಮಗ ಆಗ್ತೀಯ ಬಿಡು. ಬೀಗರು ಅಂತ ಹೋಳಿಗೆ ಮಾಡಿಸಿದ್ದೆ. ಮಗ ಉಂಡ್ರೆ ಹೋಳಿಗೆ ಬ್ಯಾಡ ಅಂತದಾ? ಕೈಕಾಲು ತೊಳ್ಕಂಡು ಬಾ" ಎಂದರು.

ಹಿಂದಿರುಗುವ ಬಸ್ಸಿನಲ್ಲಿ, ಎಂದೋ ಓದಿದ್ದ ಅಮೆರಿಕದ ಒಂದು ಸಂಗತಿ ನೆನಪಿಗೆ ಬಂತು. ಅಲಬಾಮ ಸೀಮೆಯಲ್ಲಿ ಮಸ್ಕೋಗಿ ಎಂಬ ಮೂಲನಿವಾಸಿಗಳಿದ್ದರು. ಬಿಳಿಯರು ಅವರನ್ನು ಕ್ರೀಕರೆಂದು ಕರೆದರು. ನಮ್ಮಲ್ಲಿ ನಗರದ ದಂಗೆ ಅಡಗುತ್ತಿದ್ದ 1832ರಲ್ಲಿಯೇ ಅಲ್ಲಿ ಒಂದು ಒಪ್ಪಂದವಾಗಿ, ಭೂಮಿ ಹಂಚುವುದಕ್ಕೆಂದು ಸರ್ಕಾರದ ಗುಮಾಸ್ತರು ಮನೆಯ ಯಜಮಾನರ ಪಟ್ಟಿಯನ್ನು ಬರೆದರು. ಹಂಚಿದ ಭೂಮಿ ಬಹುಬೇಗ ಮೋಸದಿಂದ ಕೈಬಿಟ್ಟಿತು. 1836ರಲ್ಲಿ ಸೈನ್ಯ ಬಂದು ಅವರನ್ನು ಮಿಸಿಸಿಪ್ಪಿ ನದಿಯಾಚೆಗೆ, ಇಂದಿನ ಒಕ್ಲಹೋಮಕ್ಕೆ ಅಟ್ಟಿತು. ಅನೇಕರು ದಾರಿಯಲ್ಲಿಯೇ ಸತ್ತರು. ಈಗ ಅವರ ಮರಿಮಕ್ಕಳು ತಮ್ಮ ಹಿರಿಯರನ್ನು ಹುಡುಕಬೇಕಾದರೆ, ಮೊದಲು 1898ರಿಂದ 1907ರವರೆಗೆ ತಯಾರಾದ ಡಾಸ್ ಪಟ್ಟಿಗಳನ್ನು ಹಿಡಿದು, ಅಲ್ಲಿಂದ ಹಿಂದಕ್ಕೆ ನಡೆದು, ತಮ್ಮವರನ್ನು ನೆಲದಿಂದ ಕಿತ್ತ ಸರ್ಕಾರದ ಆ 1832ರ ಪಟ್ಟಿಯನ್ನೇ ಆಶ್ರಯಿಸಬೇಕು. ಅಲ್ಲೊಂದು ತೊಡಕಿದೆ. ಮಸ್ಕೋಗಿಗಳಲ್ಲಿ ಕುಲ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಗುಮಾಸ್ತರು ಬರೆದುಕೊಂಡದ್ದು ಹೆಚ್ಚಾಗಿ ಗಂಡಸರನ್ನು. ಬರೆಯುವವನಿಗೆ ಬೇಕಾದದ್ದು ಭೂಮಿಯ ಲೆಕ್ಕ. ಹುಡುಕುವವನಿಗೆ ಬೇಕಾದದ್ದು ತಾಯಿಯ ಹೆಸರು. ನಮ್ಮವನು ಶ್ಯಾನುಭೋಗರ ಕಾಗದದಲ್ಲಿ ಉಳಿದದ್ದು ಹಸಿದಿದ್ದನೆಂದಲ್ಲ, ಕಂದಾಯ ಕಟ್ಟದೆ ಹೋದನೆಂದು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಣ್ಣನಿಗೆ ಮದುವೆ ತಪ್ಪಿದ್ದಕ್ಕಿಂತ "ಪರಾರಿ" ಎಂಬ ಮಾತು ಹೆಚ್ಚು ನಾಟಿತು. ಅತ್ತಿಗೆ, "ಆರು ತಲೆ ಕಳೆದಿದೆಯಲ್ಲ, ಇನ್ನೂ ಎಂಥ ದಾಯಾದಿ?" ಎಂದು ಒಮ್ಮೆ ಕೇಳಿ ಸುಮ್ಮನಾದರು. ಬೆಡಗಿಗೆ ತಲೆಯ ಲೆಕ್ಕವಿಲ್ಲವೆಂದು ಅವರಿಗೂ ಗೊತ್ತು.

ಆದರೆ ಮದುವೆಯಾಗಬೇಕಾಗಿದ್ದವಳು ಅಣ್ಣನೂ ಅಲ್ಲ, ಅತ್ತಿಗೆಯೂ ಅಲ್ಲ. ಹುಡುಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿದಳು. ಆ ಹುಡುಗನೊಡನೆ ಅವಳು ನಾಲ್ಕಾರು ಬಾರಿ ಫೋನಿನಲ್ಲಿ ಮಾತನಾಡಿದ್ದಳೆಂದು ನನಗೆ ಗೊತ್ತಿತ್ತು. ಅಳುವಳೇನೋ ಎಂದುಕೊಂಡೆ. ಅವಳು ಅಳಲಿಲ್ಲ, "ಚಿಕ್ಕಪ್ಪ, ಆ ಹೊತ್ತಿಗೆಯಲ್ಲಿ ನನ್ನ ಹೆಸರು ಎಲ್ಲಿದೆ?" ಎಂದು ಕೇಳಿದಳು.

ನಾನು ಉತ್ತರ ಕೊಡಲಾರದೆ ಹೋದೆ. ಹೆಳವನ ಹೊತ್ತಿಗೆಯನ್ನು ನಾನೇ ಓದಿದ್ದೆ. ತಂದೆ, ಮಗ, ಮೊಮ್ಮಗ. ಅವಳ ತಮ್ಮನ ಹೆಸರು, ಹುಟ್ಟಿದ ವರ್ಷ. ಅವಳ ಹೆಸರಿರಲಿಲ್ಲ. ಬರಗಾಲದಲ್ಲಿ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ನಡೆದು ಬಂದ ಆ ಮೂಲತಾಯಿಯ ಹೆಸರೂ ಇರಲಿಲ್ಲ. ಯಾವ ಪುಸ್ತಕ ಅವಳ ಮದುವೆಯನ್ನು ನಿಲ್ಲಿಸಿತೋ ಆ ಪುಸ್ತಕದಲ್ಲಿ ಅವಳು ಹುಟ್ಟಿಯೇ ಇರಲಿಲ್ಲ.

ಹೆಳವ ಪಕ್ಕದ ಊರಿನಲ್ಲಿಯೇ ಇದ್ದ. ಅಣ್ಣ ಮರುದಿನ ಅವನನ್ನು ಕರೆಸಿದ. ಮಾತಿಗೆ ತಪ್ಪದೆ ಎರಡು ಚೀಲ ಭತ್ತವನ್ನು ಜಗಲಿಯ ಮೇಲೆ ಇಳಿಸಿ, "ನನ್ನ ಮಗಳ ಹೆಸರು ಬರಕೋ" ಎಂದ. ಹೆಳವ ತಲೆ ಕೆರೆದುಕೊಂಡ. "ಹೆಣ್ಣುಮಕ್ಕಳು ಇನ್ನೊಂದು ಮನೆ ಬೆಳಗೋರು ಯಜಮಾನ್ರೇ. ನಮ್ಮ ಹಿರೇರು ಬರೆದಿಲ್ಲ" ಎಂದ. "ನಿಮ್ಮ ಹಿರೇರು ಮೋಟಾರು ಸೈಕಲ್ ಹತ್ತಿದ್ರಾ?" ಎಂದು ಅತ್ತಿಗೆ ಒಳಗಿನಿಂದಲೇ ಕೇಳಿದರು.

ಹೆಳವ ನಕ್ಕುಬಿಟ್ಟ. ಸಾಲಿನಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ, ತಮ್ಮನ ಹೆಸರಿನ ಮೇಲುಗಡೆ, ಅವಳೇ ಒಂದೊಂದಾಗಿ ಹೇಳಿದ ಅಕ್ಷರಗಳನ್ನು ನಿಧಾನವಾಗಿ ಬರೆದುಕೊಂಡ. ಅವಳು ಬಗ್ಗಿ ನೋಡಿ, ಒಂದು ದೀರ್ಘ ತಪ್ಪಿದ್ದನ್ನು ತೋರಿಸಿ ತಿದ್ದಿಸಿದಳು.

ವಾಚಕರೇ, ನಿಮ್ಮ ಮನೆಗೆ ಹೆಳವ ಬರಲಾರ. ಆದರೆ ಖಾತೆ ಬದಲಾವಣೆಗೋ ಪಿತ್ರಾರ್ಜಿತದ ಪಾಲಿಗೋ ಎಂದಾದರೊಂದು ದಿನ ನೀವೂ ನಾಡಕಚೇರಿಯಲ್ಲಿ ವಂಶವೃಕ್ಷಕ್ಕಾಗಿ ನಿಲ್ಲುವಿರಿ. ಅದಕ್ಕೆ ಮುಂಚೆ, ಮನೆಯಲ್ಲಿ ಹಿರಿಯರು ಇರುವಾಗಲೇ, ಅವರ ತಾಯಿಯ ಹೆಸರೇನು, ಆ ತಾಯಿಯ ತವರು ಯಾವುದು ಎಂದು ಕೇಳಿ ಒಂದು ಹಾಳೆಯ ಮೇಲೆ ಬರೆದಿಡಿ. ನಾನು ಕೇಳಿದೆ. ನನ್ನ ತಂದೆಗೆ ತಮ್ಮ ಅಜ್ಜಿಯ ಹೆಸರು ನೆನಪಿಗೆ ಬರಲು ಒಂದು ಇಡೀ ಸಂಜೆ ಬೇಕಾಯಿತು. ಮುತ್ತಜ್ಜಿಯ ಹೆಸರು ಬರಲೇ ಇಲ್ಲ.