ಹಲ್ಲು ಉದುರಿದ ಮೇಲೆ ಕಟ್ಟುಹಲ್ಲು. ಉದುರುವ ಮುನ್ನ ಏನು?

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಅದೃಷ್ಟದ ಮಾತಾಗಿ ಹೇಳಿದರು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ದುಡಿಯುವ ಜನಕ್ಕೆ ಇದು ಅದೃಷ್ಟದ ಮಾತಲ್ಲ. ಇಲ್ಲಿನ ಹೊಲದಲ್ಲಿ ಕಡಲೆಕಾಯಿ ಬೆಳೆಯುತ್ತದೆ, ಗಿರಣಿಯಲ್ಲಿ ಅರೆಯುತ್ತದೆ, ಅಂಗಡಿಯಲ್ಲಿ ಮಾರಾಟವಾಗುತ್ತದೆ. ಬೆಳೆದವನು, ಅರೆದವನು, ಮಾರಿದವನು ಐವತ್ತು ದಾಟುವ ಮೊದಲೇ ಅದನ್ನು ಕಡಿಯಲಾರದೆ ಕೂರುತ್ತಾನೆ. ಇದಕ್ಕೆ ಕಾರಣವೇನು?

ವಯಸ್ಸು ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಹುಳುಕಿನ ಗುರುತೇ ಇಲ್ಲದ ಗಟ್ಟಿ ಹಲ್ಲು ಒಂದು ದಿನ ಬೇರು ಸಮೇತ ಸಡಿಲಗೊಂಡು ಕೈಗೆ ಬಂದರೆ ಅದು ವಯಸ್ಸಿನ ಕೆಲಸವಲ್ಲ, ವಸಡಿನ ರೋಗದ ಕೆಲಸ. ಹಿಂದಿನವರು ಇದನ್ನು ಪಯೋರಿಯಾ ಎಂದು ಕರೆದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನಕ್ಕೆ ಈ ರೋಗ ತೀವ್ರವಾದ ಹಂತದಲ್ಲಿದೆ. ಇಷ್ಟು ದೊಡ್ಡ ರೋಗಕ್ಕೆ ನಮ್ಮಲ್ಲಿ ಸಿಗುವ ಗಮನವೆಷ್ಟು ಎಂಬುದನ್ನು ವಾಚಕರೇ ಯೋಚಿಸಬೇಕು.

ರೋಗ ನಡೆಯುವ ಬಗೆ ಸರಳವಾದುದು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ದಿನದಿನವೂ ಉಜ್ಜಿ ತೆಗೆಯದಿದ್ದರೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ವಸಡು ಕೆಂಪಾಗಿ ಊದಿಕೊಂಡು, ಉಜ್ಜುವಾಗ ರಕ್ತ ಬರುತ್ತದೆ. ಇಲ್ಲಿಯವರೆಗೂ ಭಯವಿಲ್ಲ, ಚೆನ್ನಾಗಿ ಶುಚಿ ಮಾಡಿಸಿದರೆ ವಸಡು ಮೊದಲಿನಂತಾಗುತ್ತದೆ. ಹಾಗೇ ಬಿಟ್ಟರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಜೇಬಿನಂಥ ಸಂದು ಆಗುತ್ತದೆ. ಆರೋಗ್ಯವಂತನಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರು. ಅದು 5, 6 ಮಿಲಿಮೀಟರು ದಾಟಿತೆಂದರೆ ಒಳಗೆ ಹಲ್ಲನ್ನು ಹಿಡಿದಿರುವ ಎಲುಬೇ ಕರಗುತ್ತಿದೆ ಎಂದರ್ಥ. ನೋವು ಅಷ್ಟಾಗಿ ಇರುವುದಿಲ್ಲ. ನೋವಿಲ್ಲದ ರೋಗಕ್ಕೆ ಕೂಲಿ ಬಿಟ್ಟು ವೈದ್ಯರ ಬಳಿ ಹೋಗುವವರು ಯಾರು?

ಈ ಹಂತದಲ್ಲಿ ಹಲ್ಲು ಕೀಳುವುದೊಂದೇ ದಾರಿ ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ಮೊದಲು ವೈದ್ಯರು ಗಾರೆಯನ್ನು ಕೆರೆದು ಬೇರುಗಳನ್ನು ನಯ ಮಾಡುತ್ತಾರೆ. ಕೆಲವು ವಾರ ಬಿಟ್ಟು ಸಂದಿನ ಆಳವನ್ನು ಮತ್ತೆ ಅಳೆಯುತ್ತಾರೆ. ಬಹಳ ಮಂದಿಗೆ ಇಷ್ಟೇ ಸಾಕು. ಆದರೂ ಸಂದು ಆಳವಾಗಿಯೇ ಉಳಿದರೆ ಉಪಕರಣ ತಳ ಮುಟ್ಟುವುದಿಲ್ಲ, ಆಗ ಶಸ್ತ್ರಚಿಕಿತ್ಸೆ. ಸೂಜಿಮದ್ದು ಕೊಟ್ಟು ಆ ಜಾಗವನ್ನು ಮಾತ್ರ ಮರಗಟ್ಟಿಸಿ, ವಸಡನ್ನು ಪುಸ್ತಕದ ಹಾಳೆಯಂತೆ ಬಿಡಿಸಿ, ಬೇರನ್ನು ಕಣ್ಣಿಗೆ ಕಾಣುವಂತೆ ಶುಚಿ ಮಾಡಿ, ಮತ್ತೆ ಹೊಂದಿಸಿ ಹೊಲಿಗೆ ಹಾಕುತ್ತಾರೆ. ಕೆಲವು ಬಗೆಯ ಗುಳಿಗಳಿಗೆ ಎಲುಬಿನ ಪುಡಿ ತುಂಬುವುದೂ ಉಂಟು. ಒಂದು ಸಲಕ್ಕೆ ಬಾಯಿಯ ಒಂದು ಭಾಗವನ್ನಷ್ಟೇ ಮಾಡುತ್ತಾರೆ. ರೋಗಿ ಅದೇ ದಿನ ಮನೆಗೆ ಹೋಗಬಹುದು. ವಾರ ಹತ್ತು ದಿನದಲ್ಲಿ ಹೊಲಿಗೆ ಬಿಚ್ಚುತ್ತಾರೆ. ಕಳೆದುಹೋದ ಎಲುಬೆಲ್ಲ ಮರಳುವುದಿಲ್ಲ, ಹಲ್ಲು ಸ್ವಲ್ಪ ಉದ್ದವಾಗಿ ಕಾಣಬಹುದು, ತಣ್ಣೀರಿಗೆ ಜುಮ್ಮೆನ್ನಬಹುದು. ತೀರ ಅಲ್ಲಾಡುವ ಹಲ್ಲು ಉಳಿಯದೆಯೂ ಹೋಗಬಹುದು. ಆದರೆ ಸಕಾಲದಲ್ಲಿ ಮಾಡಿದರೆ ಉದುರಬೇಕಾಗಿದ್ದ ಹಲ್ಲು ಇನ್ನೂ ಬಹಳ ವರ್ಷ ಅಗಿಯುತ್ತದೆ.

ಈ ಚಿಕಿತ್ಸೆ ಉಳ್ಳವರಿಗೆ ದೊರೆಯುತ್ತಿದೆ, ಇಲ್ಲದವರಿಗೆ ಹಲ್ಲು ಕೀಳುವ ಇಕ್ಕಳ ದೊರೆಯುತ್ತಿದೆ. ನಮ್ಮ ದೂರು ಇದೇ. ಶಿರಾ–ಮಧುಗಿರಿ ದಾರಿಯಲ್ಲಿರುವ ಬಡವನಹಳ್ಳಿಯನ್ನೇ ತೆಗೆದುಕೊಳ್ಳಿ. ಊರಿನ ಹೆಸರಿನಲ್ಲೇ ಬಡವನಿದ್ದಾನೆ. ವಸಡಿನ ತಜ್ಞರ ವಿಭಾಗವನ್ನೇ ಹುಡುಕಿ ಹೊರಟರೆ ಅವನು ತುಮಕೂರಿನ ಶ್ರೀ ಸಿದ್ಧಾರ್ಥ ದಂತ ಕಾಲೇಜಿಗೋ, 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೋ ಹೋಗಬೇಕು. ಒಮ್ಮೆ ಹೋಗಿಬಂದರೆ ಮುಗಿಯುವುದೂ ಇಲ್ಲ. ಕೆರೆಸಲು ಒಂದು ಸಲ, ಅಳೆಸಲು ಒಂದು ಸಲ, ಶಸ್ತ್ರಚಿಕಿತ್ಸೆಗೆ ಎರಡು ಮೂರು ಸಲ, ಹೊಲಿಗೆ ಬಿಚ್ಚಿಸಲು ಮತ್ತೆ ಅಷ್ಟೇ ಸಲ. ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು. ಶಸ್ತ್ರಚಿಕಿತ್ಸೆ ಎಂಬುದು ಚಿಕಿತ್ಸೆಯ ನಡುಭಾಗ, ಕೊನೆಯಲ್ಲ. ಮುಂದಿನ ಆರೈಕೆ ತಪ್ಪಿದರೆ ರೋಗ ಮರಳುತ್ತದೆ, ಪಟ್ಟ ಪಾಡೆಲ್ಲ ನೀರುಪಾಲು. ಆದುದರಿಂದ ದೂರದ ಊರಿನ ಒಳ್ಳೆಯ ಆಸ್ಪತ್ರೆಗಿಂತ ಹತ್ತಿರದ ಊರಿನ ಸಾಧಾರಣ ದಂತ ವಿಭಾಗವೇ ಈ ರೋಗಕ್ಕೆ ಹೆಚ್ಚು ಬೇಕಾದುದು.

ಗಿರಣಿಯ ಸೋದರರ ಲೆಕ್ಕ ನೋಡೋಣ. ಇ.ಎಸ್.ಐ. ಗೆ ಅವರ ಸಂಬಳದಿಂದ 2019ರ ಜುಲೈನಿಂದೀಚೆಗೆ ನೂರಕ್ಕೆ 75 ಪೈಸೆಯಂತೆ ಹಿಡಿಯುತ್ತಾರೆ. ಕಾಯಿಲೆಯ ಭತ್ಯವೂ ಇದೆ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಭತ್ಯವಿಲ್ಲ. ವಸಡಿನ ಚಿಕಿತ್ಸೆ ಕೇಳುವುದೇ ಅಂಥ ಒಂದೊಂದು ದಿನವನ್ನು, ಅದೂ ಹಲವು ಸಲ. ಇನ್ನು ಸಣ್ಣ ವ್ಯಾಪಾರಿ ಬಂಧುಗಳಿಗೆ ಆ ವಿಮೆಯೂ ಇಲ್ಲ. ಅಂಗಡಿಯ ಬಾಗಿಲು ಮುಚ್ಚಿದ ದಿನ ಗಲ್ಲಾಪೆಟ್ಟಿಗೆಯೂ ಮುಚ್ಚಿದಂತೆ. ಹೀಗಿರುವಾಗ "ಕಿತ್ತುಬಿಡಿ ಸ್ವಾಮಿ, ಒಂದೇ ದಿನಕ್ಕೆ ಮುಗಿಯಲಿ" ಎಂದು ರೋಗಿಯೇ ಕೇಳಿದರೆ ಅದು ಅಜ್ಞಾನವಲ್ಲ, ಜೇಬಿನ ವಿವೇಕ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದು, 60 ವರ್ಷ ದಾಟಿದ ಬಡವರಿಗೆ ಉಚಿತವಾಗಿ ಕಟ್ಟುಹಲ್ಲು ಕೊಡಲು ಹೊರಟಿತು. ಮುಂದೆ ಆ ವಯಸ್ಸಿನ ಮಿತಿಯನ್ನು ಇಳಿಸಿದರು. ಒಳ್ಳೆಯದೇ. ಬೋಳು ಬಾಯಿಗೆ ಹಲ್ಲು ಬಂದರೆ ಬೇಡವೆನ್ನುವವರು ಯಾರು? ಆದರೆ ಮಿತಿ ಇಳಿಸಿದ್ದೇ ಒಂದು ಸಾಕ್ಷಿ: ಬಡವನ ಹಲ್ಲು ಅರುವತ್ತರವರೆಗೆ ಕಾಯುವುದಿಲ್ಲ. ಹಾಗಾದರೆ ಉದುರಿದ ಮೇಲೆ ಖರ್ಚು ಮಾಡುವ ಕೈ, ಉದುರುವ ಮುನ್ನ ಏಕೆ ಬಿಚ್ಚಬಾರದು? ಮನೆ ಬಿದ್ದ ಮೇಲೆ ಕಟ್ಟಿಕೊಡುವ ದಾನಿಗಿಂತ ಗೋಡೆ ಬಿರುಕು ಬಿಟ್ಟಾಗ ಗಾರೆ ಮೆತ್ತುವ ನೆರೆಯವನು ಮೇಲಲ್ಲವೆ?

ಹಲ್ಲಿನ ಮಾತನ್ನು ಸಣ್ಣದೆಂದು ನಗುವವರಿಗೆ ಒಂದು ಇತಿಹಾಸ ನೆನಪಿಸುತ್ತೇವೆ. ಬ್ರಿಟನ್ನಿನಲ್ಲಿ 1948ರಲ್ಲಿ ಉಚಿತ ಆರೋಗ್ಯ ಸೇವೆಯನ್ನು ಕಟ್ಟಿದವರು ಗಣಿ ಕಾರ್ಮಿಕರಾಗಿದ್ದ ಮಂತ್ರಿ ಅನ್ಯೂರಿನ್ ಬೆವನ್. 1951ರಲ್ಲಿ ಅವರದೇ ಪಕ್ಷದ ಸರ್ಕಾರ ಕಟ್ಟುಹಲ್ಲು ಮತ್ತು ಕನ್ನಡಕಕ್ಕೆ ಹಣ ವಸೂಲಿ ಮಾಡಲು ಹೊರಟಾಗ ಅವರು ಮಂತ್ರಿಪದವಿಯನ್ನೇ ಬಿಟ್ಟು ಹೊರಬಂದರು. ಬಡವನ ಬಾಯಿ ರಾಜ್ಯದ ಲೆಕ್ಕದಲ್ಲಿ ಸೇರುತ್ತದೆಯೇ ಇಲ್ಲವೇ ಎಂಬುದೇ ಅಂದಿನ ಪ್ರಶ್ನೆ. ಇಂದಿನ ಪ್ರಶ್ನೆಯೂ ಅದೇ.

"ಮುದ್ದೆ ನುಂಗುವವರಿಗೆ ಹಲ್ಲೇಕೆ" ಎಂದು ನಮ್ಮ ಸೀಮೆಯಲ್ಲಿ ತಮಾಷೆ ಮಾಡುವುದುಂಟು. ಮುದ್ದೆ ನುಂಗಬಹುದು, ಕಾಳು, ಸೊಪ್ಪಿನ ದಂಟು, ಕಡಲೆಕಾಯಿ, ಮಾಂಸ ನುಂಗಲಾಗದು. ಹಲ್ಲು ಹೋದವನ ತಟ್ಟೆಯಿಂದ ಮೊದಲು ಜಾರುವುದು ಮೈಗೆ ಕಸುವು ಕೊಡುವ ಪದಾರ್ಥಗಳೇ. ಸಕ್ಕರೆ ಕಾಯಿಲೆ ಇದ್ದವರಲ್ಲಿ ವಸಡು ಬೇಗ ಕೆಡುತ್ತದೆ. ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಒಂದು ಇನ್ನೊಂದರ ಬೆನ್ನು ಹತ್ತಿ ಮನುಷ್ಯನನ್ನು ಕೆಡವುತ್ತವೆ.

ನಮ್ಮವರಿಗೂ ನಾಲ್ಕು ಮಾತು ಹೇಳದೆ ಬಿಡಲಾರೆವು. ಬೀಡಿ ಮತ್ತು ಕಡ್ಡಿಪುಡಿ ವಸಡಿನ ಶತ್ರುಗಳು. ಬೀಡಿ ಸೇದುವವನ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. ಅದು ಆರೋಗ್ಯವಲ್ಲ, ಮುಚ್ಚಿಟ್ಟ ರೋಗ. ಗಾರೆ ಕೆರೆಸಿದರೆ ಹಲ್ಲು ಸಡಿಲವಾಗುತ್ತದೆ, ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ಪಾವಗಡದ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲಿಗೆ ಬೀಳುವ ಕಂದು ಕಲೆಯೇ ಬೇರೆ, ವಸಡಿನ ರೋಗವೇ ಬೇರೆ. ಆ ಕಲೆಯನ್ನು ಇಟ್ಟಿಗೆಪುಡಿಯಿಂದ ತಿಕ್ಕಿದರೆ ಕಲೆ ಹೋಗದು, ವಸಡು ಸವೆಯುತ್ತದೆ. ಉಜ್ಜುವಾಗ ರಕ್ತ ಕಂಡ ದಿನವೇ ವೈದ್ಯರಿಗೆ ತೋರಿಸಿದರೆ ಕತ್ತಿಯ ಮಾತೇ ಬಾರದು.

ನಾವು ಕೇಳುವುದು ಇಷ್ಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಾಲ್ಲೂಕು ಆಸ್ಪತ್ರೆಗಳಿಗೆ ದಂತ ಕಾಲೇಜುಗಳಿಂದ ವಸಡಿನ ತಜ್ಞರು ತಿಂಗಳಲ್ಲಿ ಗೊತ್ತಾದ ಒಂದು ದಿನ ಬರಲಿ. ಕೆರೆಯುವುದು, ಅಳೆಯುವುದು, ಹೊಲಿಗೆ ಬಿಚ್ಚುವುದು ಅಲ್ಲಿನ ದಂತವೈದ್ಯರ ಕೈಯಲ್ಲೇ ನಡೆಯಲಿ. ದಂತಭಾಗ್ಯ ಇರುವ ಹಲ್ಲನ್ನು ಉಳಿಸುವ ಚಿಕಿತ್ಸೆಗೂ ವಿಸ್ತರಿಸಲಿ. ಚಿಕಿತ್ಸೆಯ ದಿನಕ್ಕೆ ಗಿರಣಿ ಕಾರ್ಮಿಕನ ಕೂಲಿ ಕಡಿಯದಿರಲಿ. ಸಂಘಗಳು ತಮ್ಮ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸಂಬಳ, ಬೋನಸ್ಸಿನ ಜೊತೆಗೆ ಇದನ್ನೂ ಬರೆಯಲಿ. ವರ್ತಕರ ಸಂಘಗಳೂ ದನಿಗೂಡಿಸಲಿ. ಇದರಲ್ಲಿ ಹೊಸ ಕಟ್ಟಡ ಬೇಕಿಲ್ಲ, ಶಂಕುಸ್ಥಾಪನೆಯ ಕಲ್ಲೂ ಬೇಕಿಲ್ಲ. ಬೇಕಾದುದು ಬಡವನ ಬಾಯನ್ನು ಮತ ಕೇಳುವಾಗ ಮಾತ್ರವಲ್ಲದೆ ಉಳಿದ ದಿನಗಳಲ್ಲೂ ನೋಡುವ ಮನಸ್ಸು.