ತಾಯಿಗಾಗಿ ಕಾರ್ಡೋ, ಕಾರ್ಡಿಗಾಗಿ ತಾಯಿಯೋ?

2022ರ ನವೆಂಬರ್ ಮೊದಲ ವಾರದಲ್ಲಿ ತುಮಕೂರಿನಲ್ಲಿ ನಡೆದುದನ್ನು ನಾವು ಮರೆಯಲಾರೆವು. ತಮಿಳುನಾಡು ಮೂಲದ ಬಡ ಗರ್ಭಿಣಿಯೊಬ್ಬಳು ನೋವು ತಿನ್ನುತ್ತ ಜಿಲ್ಲಾ ಆಸ್ಪತ್ರೆಗೆ ಬಂದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂಬ ಕಾರಣಕ್ಕೆ ಆಕೆಯನ್ನು ದಾಖಲಿಸಿಕೊಳ್ಳಲಿಲ್ಲವೆಂಬುದು ಅಂದು ಕೇಳಿಬಂದ ಆರೋಪ. ಮನೆಗೆ ಮರಳಿದವಳ ಗರ್ಭದಲ್ಲಿದ್ದುದು ಅವಳಿ ಶಿಶುಗಳು. ತಾಯಿಯೂ ಉಳಿಯಲಿಲ್ಲ, ಕೂಸುಗಳೂ ಉಳಿಯಲಿಲ್ಲ. ವೈದ್ಯರು, ದಾದಿಯರು ಅಮಾನತುಗೊಂಡರು; ತುರ್ತು ಸಂದರ್ಭದಲ್ಲಿ ದಾಖಲೆ ಕೇಳಕೂಡದೆಂದು ಸರ್ಕಾರ ಸೂಚಿಸಿತು.

ಅದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಿತ್ತು. ಅಕ್ಷರವರಿಯದ ಆ ತಾಯಿ ಕಾಸು ಬೇಡದೆ 15,000ಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರು. ಅದೇ ವರ್ಷದ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಅವರು ಕಣ್ಮುಚ್ಚಿದರು.

ಹಾಗೆಂದು ಹಳೆಯ ಕಾಲವೇ ಲೇಸೆಂದು ನಾವು ಹೇಳುತ್ತಿಲ್ಲ. ಅವಳಿ ಬಸಿರು ಮನೆಯಲ್ಲಿ ಹೆರತಕ್ಕದ್ದಲ್ಲ. ಅವಳಿಗಳು ಬಹುಮಟ್ಟಿಗೆ ದಿನ ತುಂಬುವ ಮೊದಲೇ ಹುಟ್ಟುತ್ತವೆ. ಮೊದಲ ಮಗುವಿನ ನಂತರ ಎರಡನೆಯದು ಅಡ್ಡವಾಗಬಹುದು. ಅತಿಯಾಗಿ ಹಿಗ್ಗಿದ ಗರ್ಭಕೋಶ ಬೇಗ ಬಿಗಿಯದೆ ರಕ್ತಸ್ರಾವವಾಗಬಹುದು. ರಕ್ತಹೀನತೆಯಿರುವ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ತಾಳುವ ಶಕ್ತಿಯೆಲ್ಲಿ? ಅವಳಿಯೆಂದರೆ ಶಸ್ತ್ರಕ್ರಿಯೆಯೇ ಎಂಬುದೂ ಸರಿಯಲ್ಲ. ಮೊದಲ ಶಿಶುವಿನ ತಲೆ ಕೆಳಗಿದ್ದರೆ ಅನೇಕ ವೇಳೆ ಸಹಜ ಹೆರಿಗೆ ಸಾಧ್ಯ. ವೈದ್ಯರನ್ನು ಕೇಳುವುದು ತಾಯಿಯ ಹಕ್ಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ, 31ಕ್ಕೂ ಹೆಚ್ಚು ಶಸ್ತ್ರಕ್ರಿಯೆಯಿಂದ. ತರಬೇತಾದ ಸೂಲಗಿತ್ತಿ ದಾದಿಯರನ್ನು ಸಹಜ ಹೆರಿಗೆಗೆ ನೇಮಿಸಬೇಕೆಂಬ ಕೇಂದ್ರದ ಮಾರ್ಗಸೂಚಿ 2018ರಲ್ಲೇ ಹೊರಬಂದಿದೆ.

ತತ್ತ್ವಶಾಸ್ತ್ರದಲ್ಲಿ ಸಾಧನ, ಸಾಧ್ಯ ಎಂಬ ಭೇದವನ್ನು ಕಲಿಸುತ್ತಾರೆ. ತಾಯಿ ಕಾರ್ಡ್ ಸಾಧನ. ರಕ್ತದ ಪ್ರಮಾಣ, ರಕ್ತದೊತ್ತಡ, ತೂಕ ಇವೆಲ್ಲ ಅದರಲ್ಲಿರುವುದರಿಂದ ಅಪರಿಚಿತ ವೈದ್ಯರಿಗೂ ಕ್ಷಣದಲ್ಲಿ ಅಪಾಯದ ಅರಿವಾಗುತ್ತದೆ. ಆದಿಕಾಂಡದಲ್ಲಿ ತಾಮಾರಳು ಅವಳಿ ಹೆರುವಾಗ ಸೂಲಗಿತ್ತಿಯು ಮೊದಲು ಹೊರಚಾಚಿದ ಕೈಗೆ ಕೆಂಪು ದಾರ ಕಟ್ಟಿದಳು. ಅದೂ ಒಂದು ದಾಖಲೆಯೇ! ಆದರೆ ದಾರ ಕಟ್ಟಿದವಳು ಎದ್ದು ಹೋಗಲಿಲ್ಲ. ಎರಡೂ ಕೂಸು ಹುಟ್ಟುವವರೆಗೆ ಅಲ್ಲಿಯೇ ಇದ್ದಳು.

ಇದು ದೂರದ ತುಮಕೂರಿನ ಮಾತೆಂದು ವಿಜಯಪುರ ಜಿಲ್ಲೆಯ ನಾವು ನಿಶ್ಚಿಂತರಾಗುವಂತಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿ ತಾಂಡಾಗಳಿಂದ ಎಷ್ಟು ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಗುಳೆ ಹೋಗುತ್ತಿಲ್ಲ! ಇಂಡಿಯ ಗಡಿಯವರು ಸೊಲ್ಲಾಪುರದ ಆಸ್ಪತ್ರೆ ಸೇರುವುದೂ ಉಂಟು. ಅಲ್ಲಿ ನಮ್ಮ ಮಗಳೇ ಪರಭಾಷೆಯ ಗರ್ಭಿಣಿ. ಊರಿನಲ್ಲಿದ್ದರೂ ಕಾರ್ಡ್ ಗಂಡನ ಮನೆಯಲ್ಲಿ, ಚೊಚ್ಚಲ ಹೆರಿಗೆ ತವರಿನಲ್ಲಿ. ಅವಸರದಲ್ಲಿ ಕಾರ್ಡನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬರುವುದು ಸಾಮಾನ್ಯ.

ಆದುದರಿಂದ ಗುಳೆ ಹೊರಡುವ ಮುನ್ನ ಆಶಾ ಕಾರ್ಯಕರ್ತೆಯನ್ನು ಕಂಡು, ಸ್ಕ್ಯಾನಿಂಗ್ ಮಾಡಿಸಿ, ಕಾರ್ಡನ್ನು ಬುತ್ತಿಯ ಗಂಟಿನೊಡನೆಯೇ ಕಟ್ಟಿಕೊಳ್ಳಿರಿ. ಕಾರ್ಡ್ ಕಳೆದಿದ್ದರೂ ಹಿಂಜರಿಯಬೇಡಿರಿ. 108ರ ವಾಹನ ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಉಂಟು. ಕರೆ ಮಾಡಿದೊಡನೆ ಮೊದಲು ಹೇಳಬೇಕಾದುದು ಹೊಟ್ಟೆಯಲ್ಲಿ ಅವಳಿ ಇದೆಯೆಂಬುದನ್ನು.