ಸಲಹೆಗೂ ಒಂದು ಬೆಲೆಯುಂಟು

ನಮ್ಮ ಕಡೆ ಮನೆ ಕಟ್ಟುವವರು ಕೆಂಪುಕಲ್ಲಿಗೆ ಹಣ ಕೊಡುತ್ತಾರೆ. ಮರಳಿಗೆ, ಸಿಮೆಂಟಿಗೆ, ಕಬ್ಬಿಣಕ್ಕೆ ಕೊಡುತ್ತಾರೆ. ಆದರೆ ಅಡಿಪಾಯ ಎಷ್ಟು ಆಳವಿರಬೇಕು, ಮಳೆನೀರು ಯಾವ ಕಡೆಗೆ ಹರಿಯಬೇಕು ಎಂದು ಹೇಳಿದ ಇಂಜಿನಿಯರು ತನ್ನ ಶುಲ್ಕವನ್ನು ಕೇಳಿದೊಡನೆ, "ಎರಡು ಮಾತು ಹೇಳಿದ್ದಕ್ಕೆ ಇಷ್ಟು ದುಡ್ಡೇ?" ಎಂದು ಹುಬ್ಬೇರಿಸುವವರೇ ಹೆಚ್ಚು. ಕಣ್ಣಿಗೆ ಕಾಣುವ ವಸ್ತುವಿಗೆ ಬೆಲೆಯುಂಟು, ತಿಳಿವಳಿಕೆಗೆ ಬೆಲೆಯಿಲ್ಲ ಎಂಬ ಈ ಭಾವನೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲೆಡೆಯೂ ಇದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಹೊಳೆಗಳ ನಡುವೆ ಬಾಳುವ ನಮಗೆ ಹೊಸದೇನೂ ಅಲ್ಲ.

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಈ ವಿಚಾರವೇಕೆ ಎಂದು ಮಿತ್ರರು ಕೇಳಬಹುದು. ಪದವಿ ಪಡೆದವರೆಲ್ಲರಿಗೂ ಸರಕಾರಿ ಹುದ್ದೆಯಾಗಲಿ ಬ್ಯಾಂಕಿನ ಹುದ್ದೆಯಾಗಲಿ ದೊರೆಯುವುದಿಲ್ಲವೆಂಬುದು ನಮಗೆಲ್ಲ ತಿಳಿದ ಸಂಗತಿ. ಅಂಗಡಿಗಳ ತೆರಿಗೆ ಲೆಕ್ಕ, ಬ್ಯಾಂಕ್ ಸಾಲಕ್ಕೆ ಬೇಕಾದ ಯೋಜನಾ ವರದಿ, ಅನುವಾದ, ಗಣಕಯಂತ್ರದ ಕೆಲಸ ಇವುಗಳನ್ನು ಮನೆಯಿಂದಲೇ ಸ್ವತಂತ್ರವಾಗಿ ಮಾಡಿ ಬದುಕುವ ಹಾದಿಯನ್ನು ನಮ್ಮಲ್ಲಿ ಹಲವರು ಹಿಡಿಯಬೇಕಾಗುವುದು. ಆ ಹಾದಿಯಲ್ಲಿ ಕಾಲಿಡುವ ಮೊದಲು ಶುಲ್ಕವೆಂದರೇನು, ಅದರೊಳಗೆ ಏನೇನು ಅಡಗಿದೆ ಎಂಬುದನ್ನು ತಿಳಿಯದಿದ್ದರೆ ಎರಡೇ ವರ್ಷಗಳಲ್ಲಿ ಸೋತು ಮರಳಬೇಕಾದೀತು.

ಹೊಸಬರು ಸಾಮಾನ್ಯವಾಗಿ ಮಾಡುವ ಲೆಕ್ಕ ಬಹಳ ಸರಳ. "ತಿಂಗಳಿಗೆ ೪೦,೦೦೦ ರೂಪಾಯಿ ಸಂಬಳ ಸಿಕ್ಕರೆ ನನಗೆ ಸಾಕು. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ ಸುಮಾರು ೧,೩೩೩. ಆದುದರಿಂದ ದಿನಕ್ಕೆ ೧,೪೦೦ ಕೇಳೋಣ." ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಸಂಬಳದವನಿಗೆ ಭಾನುವಾರಕ್ಕೂ ಸಂಬಳವುಂಟು, ರಜೆಗೂ ಉಂಟು. ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲುಂಟು. ಕುರ್ಚಿ, ಮೇಜು, ದೀಪ, ಗಣಕಯಂತ್ರ ಎಲ್ಲವೂ ಮಾಲೀಕನವು. ಸ್ವತಂತ್ರನಿಗೆ ಇವೆಲ್ಲ ಸ್ವಂತ ಖರ್ಚು.

ಒಂದು ಮಾದರಿ ಲೆಕ್ಕ ಹಾಕಿ ನೋಡೋಣ. ವರ್ಷದ ೩೬೫ ದಿನಗಳಲ್ಲಿ ೫೨ ಭಾನುವಾರ ಕಳೆಯಿರಿ; ಹಬ್ಬಹರಿದಿನ, ಕಾಯಿಲೆ ಕಸಾಲೆಗಳಿಗೆ ೩೩ ಕಳೆಯಿರಿ. ಉಳಿದದ್ದು ೨೮೦. ಕೆಲಸ ಹುಡುಕಲು, ಓಡಾಡಲು, ತನ್ನ ಲೆಕ್ಕ ಬರೆಯಲು, ಬಾಕಿ ವಸೂಲಿಗೆ, ಮಳೆಗಾಲದ ಬಿಡುವಿಗೆ ೧೩೦ ದಿನ ಹೋದವೆನ್ನೋಣ. ಹಣ ತರುವ ದಿನಗಳು ೧೫೦ ಮಾತ್ರ. ಕೋಣೆಯ ಬಾಡಿಗೆ, ವಿದ್ಯುತ್ತು, ಯಂತ್ರ, ಪೆಟ್ರೋಲು, ಆರೋಗ್ಯ ವಿಮೆ, ಮುಪ್ಪಿನ ಕಾಲಕ್ಕೆ ಉಳಿತಾಯ ಎಲ್ಲ ಸೇರಿ ವರ್ಷಕ್ಕೆ ೧,೮೦,೦೦೦ ಖರ್ಚೆಂದು ಇಟ್ಟುಕೊಳ್ಳಿ. ದಿನಕ್ಕೆ ೧,೪೦೦ರಂತೆ ೧೫೦ ದಿನ ದುಡಿದರೆ ಬರುವುದು ೨,೧೦,೦೦೦. ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ೩೦,೦೦೦. ತಿಂಗಳಿಗೆ ೨,೫೦೦! ಬಯಸಿದ ೪,೮೦,೦೦೦ ಉಳಿಯಬೇಕಾದರೆ ದಿನದ ಶುಲ್ಕ ೪,೪೦೦ ಆಗಬೇಕು. ದೂರದಿಂದ ನೋಡುವವನಿಗೆ ಇದು ಸುಲಿಗೆಯಂತೆ ಕಂಡೀತು; ಲೆಕ್ಕ ಬಲ್ಲವನಿಗೆ ಇದು ೪೦,೦೦೦ದ ಸಂಬಳವೇ.

ಸರಕಾರವೂ ಈ ಸತ್ಯವನ್ನು ಒಪ್ಪಿಕೊಂಡಿದೆ. ೨೦೧೬ರ ಕೇಂದ್ರ ಆಯವ್ಯಯದಲ್ಲಿ ಬಂದ ಏರ್ಪಾಟಿನಂತೆ, ಇಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆ ಮೊದಲಾದ ಗೊತ್ತುಪಡಿಸಿದ ವೃತ್ತಿಗಳವರು, ವರ್ಷದ ಒಟ್ಟು ಗಳಿಕೆ ನಿಗದಿತ ಮಿತಿಯೊಳಗಿದ್ದರೆ, ಅದರ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕೊಡಬಹುದು. ಬಂದ ರೂಪಾಯಿಯಲ್ಲಿ ಎಂಟಾಣೆಯಷ್ಟು ಖರ್ಚಿಗೇ ಹೋದೀತೆಂದು ಕಾಯಿದೆಯೇ ಒಪ್ಪಿದ ಮೇಲೆ ನಾವು ಒಪ್ಪಲು ಹಿಂಜರಿಯುವುದೇಕೆ?

ಈ ವ್ಯತ್ಯಾಸ ನಮ್ಮ ಯಕ್ಷಗಾನದ ಪ್ರೇಕ್ಷಕನಿಗೆ ಅಪರಿಚಿತವಲ್ಲ. ಮೇಳದ ಕಲಾವಿದ ತಿರುಗಾಟದುದ್ದಕ್ಕೂ ಸಂಬಳಕ್ಕೆ ನಿಂತವನು. ಒಂದು ರಾತ್ರಿಗೆಂದು ಕರೆಸಿದ ಅತಿಥಿ ಕಲಾವಿದನ ಸಂಭಾವನೆಯ ಲೆಕ್ಕವೇ ಬೇರೆ. ಅವನಿಗೆ ನಾಳಿನ ಆಟದ ಭರವಸೆಯಿಲ್ಲ. ರಂಗಸ್ಥಳದಲ್ಲಿ ಅರ್ಥವಾಗುವ ಈ ಮಾತು ಕಚೇರಿಯ ಮೇಜಿನ ಮುಂದೆ ಮರೆತುಹೋಗುವುದು ವಿಚಿತ್ರ.

ಸಲಹೆಯ ಬೆಲೆಯನ್ನು ಅದಕ್ಕೆ ಹಿಡಿದ ಹೊತ್ತಿನಿಂದ ಮಾತ್ರ ಅಳೆಯಲಾಗದು. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮ ಸರಕಾರ ಸಲಹೆಗೆ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ೧೯೦೯ರಲ್ಲಿ ಅಲ್ಲಿ ಕೆಲಸ ಮಾಡಿದ್ದು ಕೆಲವೇ ತಿಂಗಳು. ಅದೇ ವರ್ಷ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. ಆದರೆ ಆ ಸಲಹೆಯ ಹಿಂದೆ ೧೮೮೪ರಿಂದ ಮುಂಬಯಿ ಸರಕಾರದಲ್ಲಿ ಗಳಿಸಿದ ಸುಮಾರು ಕಾಲು ಶತಮಾನದ ಅನುಭವವಿತ್ತು. ಅವರ ಸಲಹೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ತಲೆಯೆತ್ತಿದವು.

"ಶುಲ್ಕ ಇಷ್ಟಾದರೆ ಬಡವನು ಎಲ್ಲಿಗೆ ಹೋಗಬೇಕು?" ಎಂಬ ಆಕ್ಷೇಪಣೆ ಬಂದೇ ಬರುವುದು. ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರವಿಷ್ಟು: ಸೇವೆಯನ್ನು ಸೇವೆಯೆಂದೇ ಮಾಡಬೇಕು. ವಾರದಲ್ಲಿ ಒಂದು ದಿನವನ್ನು ಇಲ್ಲದವರಿಗಾಗಿ ಉಚಿತವಾಗಿ ಮೀಸಲಿಟ್ಟರೆ ಅದು ಧರ್ಮ. ಉಳ್ಳವನು ಚೌಕಾಶಿ ಮಾಡಿದನೆಂದು ಎಲ್ಲರಿಗೂ ಅರೆಬೆಲೆಗೆ ದುಡಿಯುವುದು ಧರ್ಮವೂ ಅಲ್ಲ, ವ್ಯಾಪಾರವೂ ಅಲ್ಲ.

ಅರೆಬೆಲೆಯ ಸಲಹೆಯಲ್ಲಿ ಇನ್ನೊಂದು ಅಪಾಯವುಂಟು. ನನ್ನ ಮಟ್ಟಿಗೆ ಇದೇ ಮುಖ್ಯ. ಬಾಗಿಲಿನಿಂದ ಬಾರದ ಹಣ ಕಿಟಕಿಯಿಂದ ಬರಲು ಹವಣಿಸುತ್ತದೆ. ಶುಲ್ಕದಿಂದ ಹೊಟ್ಟೆ ತುಂಬದ ಸಲಹೆಗಾರ ಸಿಮೆಂಟಿನ ಅಂಗಡಿಯಿಂದ, ಪಂಪು ಮಾರುವವನಿಂದ, ಸಾಲ ಕೊಡಿಸುವ ದಲ್ಲಾಳಿಯಿಂದ ಗುಟ್ಟಾಗಿ ಕಮಿಷನ್ ಪಡೆಯತೊಡಗಿದರೆ, ಆ ಕ್ಷಣದಿಂದ ಅವನು ನಿಮ್ಮ ಸಲಹೆಗಾರನಲ್ಲ, ಅಂಗಡಿಯ ಏಜೆಂಟ. ಶುಲ್ಕದಲ್ಲಿ ಉಳಿಸಿದ ಐದು ಸಾವಿರಕ್ಕೆ ಬದಲಾಗಿ ಬೇಡದ ಸಾಮಗ್ರಿಗೆ ಐವತ್ತು ಸಾವಿರ ತೆತ್ತರೂ ಮನೆಯ ಯಜಮಾನನಿಗೆ ಅದು ತಿಳಿಯುವುದೇ ಇಲ್ಲ. ಪ್ರಾಮಾಣಿಕ ಸಲಹೆ ಬೇಕಾದರೆ ಅದರ ಪೂರ್ಣ ಬೆಲೆಯನ್ನು ನಾವೇ ಬಹಿರಂಗವಾಗಿ ಕೊಡಬೇಕು.

ಹಾಗೆಂದು ತಪ್ಪೆಲ್ಲ ಕೊಡುವವರದೇ ಅಲ್ಲ. ಮೊದಲು "ನೋಡಿ ಕೊಡಿ" ಎಂದು ನಾಚಿ, ಕೆಲಸ ಮುಗಿದ ಮೇಲೆ ದೊಡ್ಡ ಮೊತ್ತ ಹೇಳುವ ಸಲಹೆಗಾರರೂ ನಮ್ಮಲ್ಲಿದ್ದಾರೆ. ಕೆಲಸ ಯಾವುದು, ಎಷ್ಟು ದಿನ, ಓಡಾಟದ ಖರ್ಚು ಯಾರದು, ಹಣ ಯಾವ ಕಂತಿನಲ್ಲಿ ಎಂಬುದನ್ನು ಆರಂಭದಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಸ್ವತಂತ್ರ ವೃತ್ತಿಯವರು 'ಉದ್ಯಮ್' ನೋಂದಣಿಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿದ ಕಿರು ಉದ್ಯಮದಿಂದ ಸೇವೆ ಪಡೆದ ವ್ಯಾಪಾರ ಸಂಸ್ಥೆ ಒಪ್ಪಂದವಿದ್ದರೂ ೪೫ ದಿನಗಳನ್ನು ಮೀರಿ ಹಣ ತಡೆಹಿಡಿಯುವಂತಿಲ್ಲವೆಂದು ೨೦೦೬ರ ಕಾಯಿದೆ ಹೇಳುತ್ತದೆ. ತಡವಾದರೆ ಬಡ್ಡಿಯನ್ನೂ ತೆರಬೇಕು.

ನಾಳೆ ನಮ್ಮಲ್ಲಿ ಕೆಲವರು ಶುಲ್ಕ ಕೇಳುವವರಾಗುವೆವು, ಎಲ್ಲರೂ ಒಂದಲ್ಲ ಒಂದು ದಿನ ಶುಲ್ಕ ಕೊಡುವವರಾಗುವೆವು. ಕೇಳುವವರು ನಾಚದೆ ಲೆಕ್ಕ ಹೇಳಲಿ. ಕೊಡುವವರು ಸಿಡುಕದೆ ಲೆಕ್ಕ ಕೇಳಲಿ. ಓದಿದ ಹುಡುಗ ಹುಡುಗಿಯರು ಊರಿನಲ್ಲೇ ನಿಂತು ಊರಿಗೆ ನೆರವಾಗಬೇಕೆಂದು ವೇದಿಕೆಯ ಮೇಲೆ ನಾವೆಲ್ಲ ಹೇಳುತ್ತೇವೆ. ಅವರು ನಿಲ್ಲಬೇಕಾದರೆ ಅವರ ದುಡಿಮೆಯ ಬೆಲೆಯನ್ನು ಊರು ಕೊಡಬೇಕು.